ಹುಲ್ಲಿನ ನಟ್ಟಿ

ಹುಲ್ಲು ನೆಡುವುದಕ್ಕೆ ಆಳು ಬೇಕು ಎಂದು ಕೃಷ್ಣಾನಂದ ಮಾಸ್ತರರು ಬಾಗಿಲಿಗೆ ಬಂದು ಹೇಳಿದಾಗ ಗಣಪಿಗೆ ನಗು ಬರಬೇಕಿತ್ತು. ಬರಲಿಲ್ಲ. ಬುದ್ಧಿ ಬಂದಾಗಿನಿಂದ ಗದ್ದೆಯಲ್ಲಿ ಕಿತ್ತು ಕಿತ್ತು ಎಸೆದ ಗರಿಕೆಯನ್ನು ಈಗ ಹುಡುಕಿ ತಂದು ನೆಡಬೇಕಂತೆ. ಜಗಲಿಯಲ್ಲಿ ಕೂತಿದ್ದ ನಾದಿನಿ ಸುಬ್ಬಿ ಅತ್ತಿಗೆಯ ಪಾಲಿನದನ್ನೂ ಸೇರಿಸಿ ತಾನೇ ನಕ್ಕಳು.

"ಎಂತ ಮಾಸ್ತರ್ರೆ, ಊರ ದನಕ್ಕೆಲ್ಲ ಊಟ ಹಾಕೂಕೆ ಹೊರಟ್ರಾ?"

"ದನಕ್ಕಲ್ಲ ಮಾರಾಯ್ತಿ, ಫುಟ್ಬಾಲಿಗೆ."

ಮಾಸ್ತರರು ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾದವರು. ಜಗಲಿಯಲ್ಲಿ ಕೂತು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಸಂಬಳ ಕೊಟ್ಟು ಆಡಿಸುವ ದೊಡ್ಡ ಫುಟ್ಬಾಲ್ ಲೀಗೊಂದು ಇದೆ. ಮುಂದಿನ ವರ್ಷ ಅದರಲ್ಲಿ ಒಂದೇ ಒಂದು ಹೊಸ ತಂಡಕ್ಕೆ ಜಾಗ. ಆ ಜಾಗಕ್ಕೆ ಹೊನ್ನಾವರ ಅರ್ಜಿ ಹಾಕಿದೆ. ಒಂದು ಪೇಟೆಯಿಂದ ಆಗುವ ಕೆಲಸವಲ್ಲವೆಂದು ಭಟ್ಕಳ, ಕುಮಟೆಯವರೂ ಸೇರಿದ್ದಾರೆ. ಭಟ್ಕಳದಿಂದ ಆಟಗಾರರು, ಕುಮಟೆಯಿಂದ ದುಡ್ಡಿದ್ದವರು, ಹೊನ್ನಾವರದಿಂದ ಮೈದಾನ. ತಂಡಕ್ಕೆ ಯಾವ ಊರಿನ ಹೆಸರು ಎಂಬಲ್ಲಿ ಮೂರು ಸಭೆ ಮುರಿದವು. ಕಡೆಗೆ ಹೆಸರಿನ ಜಾಗ ಖಾಲಿ ಬಿಟ್ಟೇ ಅರ್ಜಿ ಹೋಯಿತು. ಲೀಗಿನವರು ಮುಂದಿನ ತಿಂಗಳು ಮೈದಾನ ನೋಡಲು ಬರುತ್ತಾರೆ. ಮೈದಾನದಲ್ಲಿ ಸದ್ಯಕ್ಕೆ ಇರುವುದು ಮಣ್ಣು ಮಾತ್ರ.

"ಪಾಸಾದ್ರೆ ಮೈದಾನ ನೋಡ್ಕಳೂಕೆ ಒಬ್ರು ಬೇಕು. ಕಾಯಂ. ನಿನ್ನ ಹೆಸರೇ ಹೇಳಿದ್ದೆ ಗಣಪಿ," ಎಂದರು.

"ಆತು," ಎಂದಳು ಗಣಪಿ.

ಅವಳು ಈಗ ಎಲ್ಲದಕ್ಕೂ ಹೇಳುವುದು ಅದೊಂದೇ ಮಾತು. ಹತ್ತು ವರ್ಷದ ಹಿಂದೆ ಗಂಡ ಮಾಸ್ತಿ ತೀರಿಕೊಂಡಾಗ ಬಾಯಿ ಬಿಟ್ಟು ಅತ್ತಿದ್ದಳು. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಗದ್ದೆ ಹೋಯಿತು, ಆಗ ಅಳು ಬರಲಿಲ್ಲ. ನಾಳೆ ಬರಬಹುದು, ನಾಡಿದ್ದು ಬರಬಹುದು ಎಂದು ಕಾದಳು. ಆಮೇಲೆ ಕಾಯುವುದನ್ನೂ ಬಿಟ್ಟಳು. ಉಣ್ಣುತ್ತಿದ್ದಳು, ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಲಗುತ್ತಿದ್ದಳು, ಏಳುತ್ತಿದ್ದಳು. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂಬುದೇ ಇರಲಿಲ್ಲ. ಮಾಸ್ತರರು ಹೋದ ಮೇಲೆ ಅವಳ ತಲೆಯಲ್ಲಿ ಉಳಿದದ್ದು ಇಷ್ಟು: ಒಂದು ನೆಲ. ತನ್ನದಲ್ಲ, ತನ್ನದಾಗಬೇಕೆಂದೂ ಇಲ್ಲ. ಬೆಳಿಗ್ಗೆ ಎದ್ದು ಹೋಗಿ ನೋಡಿ ಬರುವುದಕ್ಕೆ ಒಂದು ನೆಲ.

ಏಳು ಹೆಂಗಸರು ಹೋದರು. ಮೈದಾನ ಹಿಂದೆ ಗದ್ದೆಯೇ ಆಗಿದ್ದದ್ದು. ಮಣ್ಣು ಅಂಟು, ಸುತ್ತ ಬದು ಇನ್ನೂ ಹಾಗೇ ಇತ್ತು. ಪಡುವಣ ಮೂಲೆಯಲ್ಲಿ ಮಳೆನೀರು ಹೊರಗೆ ಹೋಗುವ ಗಂಡಿ. ಸುತ್ತಲಿನ ಗದ್ದೆಬದುಗಳಿಂದ ಗರಿಕೆಯ ಬಳ್ಳಿ ಕಿತ್ತು, ಗೇಣುದ್ದ ಕತ್ತರಿಸಿ, ಬುಟ್ಟಿ ತುಂಬಿ ತಂದರು. ಸೊಂಟ ಬಗ್ಗಿಸಿ ಹಿಂದೆ ಹಿಂದೆ ಸರಿಯುತ್ತ ಸಾಲು ಹಿಡಿದರು. ಅಭ್ಯಾಸದ ಮೇಲೆ ಸುಬ್ಬಿ ನಟ್ಟಿಯ ಪದ ಎತ್ತಿಕೊಂಡಳು, ಎರಡು ಸೊಲ್ಲು ಹೇಳಿ ನಿಂತುಬಿಟ್ಟಳು.

"ಎಂತಾತೇ?" ಎಂದಳು ಪಕ್ಕದ ಸಾಲಿನವಳು.

"ಮುಂದೆ ತೆನೆ ಬಂತು ಅಂತ ಹೇಳ್ಬೇಕಲ್ದಾ. ಇದಕ್ಕೆ ಎಂತ ಬತ್ತದೆ? ಗೋಲು ಬಂತು ಅನ್ಲಾ?"

ಹೆಂಗಸರು ನಕ್ಕರು. ಕಾವಲಿನ ಜಟ್ಟ ಗೇಟಿನ ಹತ್ತಿರ ಕೂತಲ್ಲಿಂದಲೇ, "ಗೋಲು ಬಂದ್ರೆ ನನ್ನ ಮನೆಗೂ ಭತ್ತದ ಹಂಗೆ ಎರಡು ಮುಡಿ ಕಟ್ಟಿ ಕಳ್ಸಿ," ಎಂದ. ಜಟ್ಟ ಹೊಳೆಯಾಚೆಯ ಕಾಸರಕೋಡಿನವನು. ದೋಣಿಯಲ್ಲಿ ಕಾಲು ಮುರಿದುಕೊಂಡ ಮೇಲೆ ಈ ಕೆಲಸಕ್ಕೆ ಬಂದಿದ್ದ.

ಗಣಪಿ ತಲೆ ಎತ್ತಲಿಲ್ಲ. ಬೆರಳು ಮಣ್ಣಿಗೆ ಹೋಗುತ್ತಿತ್ತು, ಬರುತ್ತಿತ್ತು. ಬೆರಳಿಗೆ ಎಲ್ಲ ನೆನಪಿತ್ತು. ಅವಳಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ.

ಆರು ದಿನಕ್ಕೆ ನಟ್ಟಿ ಮುಗಿಯಿತು. ಉಳಿದವರು ಮನೆಗೆ ಹೋದರು, ನೋಡಿಕೊಳ್ಳಲು ಗಣಪಿ ಉಳಿದಳು. ಮಾಸ್ತರರು ಕಾಗದಪತ್ರದ ಕೆಲಸಕ್ಕೆಂದು ಬೆಂಗಳೂರಿಗೆ ಹೋದರು. ಅದೇ ಹೊತ್ತಿಗೆ ಮಳೆ ಹಿಂಜರಿಯಿತು. ಮೂರು ದಿನ ಬಿಸಿಲು ಕಾಯ್ದು ಗರಿಕೆ ಬಾಡಿತು. ನಾಲ್ಕನೆಯ ಬೆಳಿಗ್ಗೆ ಮೋಡ ಕಟ್ಟಿದ್ದು ಕಂಡು ಗಣಪಿ ಗುದ್ದಲಿ ಹಿಡಿದು ಹೋದಳು. ನಾಲ್ಕು ಹೆಂಟೆ ಮಣ್ಣು ಕಡಿದು ಗಂಡಿಗೆ ಒತ್ತಿ, ಮೆಟ್ಟಿ ಭದ್ರ ಮಾಡಿದಳು. ಹೊಸ ಸಸಿ ಬೇರು ಹಿಡಿಯುವವರೆಗೆ ನೀರು ಹೊರಗೆ ಹೋಗಬಾರದು. ಅದನ್ನು ಅವಳು ಯಾರಿಂದಲೂ ಕಲಿತದ್ದಲ್ಲ, ನಡೆಯುವುದನ್ನು ಕಲಿತ ಹಾಗೆ ಬಂದದ್ದು.

ಸಂಜೆಯಿಂದ ಮಳೆ ಹಿಡಿಯಿತು, ಎರಡು ದಿನ ಬಿಡಲಿಲ್ಲ. ಮೂರನೆಯ ದಿನ ಹೋಗಿ ನೋಡಿದರೆ ಮೈದಾನದ ಉದ್ದಗಲಕ್ಕೂ ಪಾದ ಮುಳುಗುವಷ್ಟು ನೀರು. ನೀರಿನೊಳಗೆ ಸಾಲು ಸಾಲು ಹಸಿರು, ಮೇಲೆ ಮೋಡ. ಅವಳ ಕಣ್ಣಿಗೆ ಎಲ್ಲ ಸರಿಯಾಗಿ ಕಂಡಿತು. ಎರಡು ವರ್ಷದಲ್ಲಿ ಸರಿಯಾಗಿ ಕಂಡದ್ದು ಅದೊಂದೇ. ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಬಂದಳು.

ಆಮೇಲೂ ಮಳೆ ಬಿಟ್ಟು ಬಿಟ್ಟು ಬಂತು. ಲೀಗಿನವರು ಮರುವಾರ ಸೋಮವಾರ ಬಂದರು. ಇಬ್ಬರು ಗಂಡಸರು, ಒಬ್ಬಳು ಕನ್ನಡಕದ ಹೆಂಗಸು. ಹಿಂದಿನ ದಿನ ಮುರ್ಡೇಶ್ವರದ ಹೋಟೆಲಿನಲ್ಲಿ ಇಳಿಸಿ, ರೈಲ್ವೆ ಸ್ಟೇಷನ್ನು ತೋರಿಸಿ, ಭಟ್ಕಳದ ಹುಡುಗರ ಆಟ ನೋಡಿಸಿ ಕರೆತಂದಿದ್ದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತಂತೆ. ಕಮಿಟಿಯ ಅಧ್ಯಕ್ಷ ಕುಮಟೆಯ ಮೋಹನ ಶೇಟರು ನಗುನಗುತ್ತಲೇ ಕಾರಿನಿಂದ ಇಳಿದರು. ರಾತ್ರಿ ಬಸ್ಸಿಗೆ ಬಂದು ನೇರ ಅಲ್ಲಿಗೇ ಇಳಿದಿದ್ದ ಮಾಸ್ತರರು ಗೇಟಿನಲ್ಲಿ ನಿಂತಿದ್ದರು. ಅವರ ಮುಖ ನೋಡಿದಾಗಲೇ ಏನೋ ಆಗಿದೆ ಎಂದು ಗಣಪಿಗೆ ತಿಳಿಯಿತು. ಏನು ಎಂದು ತಿಳಿಯಲಿಲ್ಲ.

ಗರಿಕೆ ಹಳದಿಯಾಗಿತ್ತು. ಅಲ್ಲಲ್ಲಿ ಬುಡ ಕೊಳೆತು ತೇಲುತ್ತಿತ್ತು. ಅವಳು ಅದನ್ನೂ ನೋಡಿದ್ದಳು, ಭತ್ತವೂ ಮೊದಲ ವಾರ ಹೀಗೇ ಹಳದಿಯಾಗಿ ಆಮೇಲೆ ಚೇತರಿಸಿಕೊಳ್ಳುತ್ತದೆ ಎಂದುಕೊಂಡಿದ್ದಳು.

ಬಂದವರಲ್ಲಿ ಒಬ್ಬ ಪ್ಯಾಂಟು ಮಡಚಿ ನಾಲ್ಕು ಹೆಜ್ಜೆ ಒಳಗೆ ಹೋದ. ಚೀಲದಿಂದ ಚೆಂಡು ತೆಗೆದು ಎದೆಯೆತ್ತರದಿಂದ ಬಿಟ್ಟ. ಚೆಂಡು ಪಚ್ಚೆಂದು ಬಿತ್ತು. ಮೇಲೆ ಏಳಲಿಲ್ಲ. ಬಿದ್ದಲ್ಲೇ ಕೂತಿತು. ಅವನು ಇನ್ನೊಂದು ಜಾಗದಲ್ಲಿ ಬಿಟ್ಟ, ಅಲ್ಲೂ ಕೂತಿತು. ಕನ್ನಡಕದ ಹೆಂಗಸು ಬರೆದುಕೊಂಡಳು.

"ನೀರು ಹೋಗೋಕೆ ದಾರಿ ಇಲ್ವಾ?" ಎಂದು ಕೇಳಿದಳು.

ಮೋಹನ ಶೇಟರು ಪಡುವಣ ಮೂಲೆಗೆ ಹೋಗಿ ನೋಡಿ ಬಂದರು. ಅವರ ನಗು ಹೋಗಿತ್ತು. "ಗಂಡಿ ಯಾರೋ ಕಟ್ಟಿದ್ರು. ಏ ಜಟ್ಟ, ನೀ ಇಲ್ಲಿ ಎಂತ ಕಾಯ್ತಿದ್ದೆ?"

ಜಟ್ಟ ತನ್ನ ಚಪ್ಪಲಿ ನೋಡಿಕೊಂಡ. ಗಣಪಿಯ ಕಡೆ ನೋಡಲಿಲ್ಲ.

"ಇವನ್ನ ಇವತ್ತೇ ಬಿಡ್ಸಿ ಮಾಸ್ತರ್ರೆ."

ಸುಮ್ಮನಿದ್ದರೆ ಸಾಕಿತ್ತು. ಜಟ್ಟ ಬಾಯಿ ಬಿಡುವವನಲ್ಲ ಎಂಬುದು ಕಾಣುತ್ತಲೇ ಇತ್ತು. ಮೈದಾನ ಒಣಗಿಸಿ ಇನ್ನೊಮ್ಮೆ ನೆಡೋಣ ಎಂದಾರು, ನೆಡುವುದಕ್ಕೆ ತನ್ನನ್ನೇ ಕರೆದಾರು, ಬೆಳಿಗ್ಗೆ ಎದ್ದು ಬರುವುದಕ್ಕೆ ಒಂದು ಜಾಗ ಉಳಿದೀತು. ಇಷ್ಟನ್ನೂ ಗಣಪಿ ನಿಧಾನವಾಗಿ ಯೋಚಿಸಿದಳು. ಯೋಚಿಸಿ ಮುಗಿದ ಮೇಲೆ ಹೇಳಿದಳು, "ಅವನಲ್ಲ. ಕಟ್ಟಿದ್ದು ನಾನು."

"ನೀನಾ? ಯಾಕೆ?"

"ಬೇರು ಹಿಡೀಲಿ ಅಂತ."

ಕನ್ನಡಕದ ಹೆಂಗಸು ಅವಳನ್ನು ಒಂದು ಸಲ ನೋಡಿ, ಬಗ್ಗಿ ಅದನ್ನೂ ಬರೆದುಕೊಂಡಳು. ಮೋಹನ ಶೇಟರು ಮಾಸ್ತರರ ಕಡೆ ತಿರುಗಿ, "ಇವಳ ಕೈಗಾ ಮೈದಾನ ಕೊಡೂದು ಅಂದದ್ದು?" ಎಂದು ಮೆಲ್ಲಗೆ ಕೇಳಿದರು. ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಕಾರುಗಳು ಹೋದ ಮೇಲೆ ಜಟ್ಟ ಕುಂಟುತ್ತ ಬಂದ.

"ನೀ ಕಟ್ಟೂದು ನಾ ನೋಡಿದ್ದೆ ಗಣಪಕ್ಕ. ಫುಟ್ಬಾಲ್ ಗದ್ದೆಲಿ ಭತ್ತ ಬೆಳೂಕೆ ಹೊರಟಳು ಅಂತ ಮನಸಲ್ಲೇ ನಗಾಡಿದ್ದೆ. ಅವತ್ತೇ ಹೇಳ್ಬೇಕಿತ್ತು."

"ಹೇಳಿದ್ರೆ ನಾ ಕೇಳ್ತಿದ್ನಾ?"

"ಅದೂ ಹೌದು," ಎಂದ ಜಟ್ಟ.

ತಿಂಗಳು ಕಳೆದು ಮಾಸ್ತರರು ಮತ್ತೆ ಗಣಪಿಯ ಜಗಲಿಗೆ ಬಂದರು. ಜಾಗ ಬೇರೆ ಊರಿಗೆ ಹೋಗಿತ್ತು. ಎರಡು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದಂತೆ. ಅಷ್ಟರೊಳಗೆ ಹೊರಗಿನಿಂದ ಹುಲ್ಲಿನ ಚಾಪೆ ತರಿಸಿ ಹಾಸುವುದು, ಅದರ ಸಂಗಡ ನೋಡಿಕೊಳ್ಳುವ ಮನುಷ್ಯನೂ ಬರುತ್ತಾನೆ ಎಂದು ಕಮಿಟಿ ತೀರ್ಮಾನಿಸಿತ್ತು. ಮಾಸ್ತರರು ಬೈಯಲಿಲ್ಲ. ಬೈದಿದ್ದರೆ ಕೂತು ಕೇಳಬಹುದಿತ್ತು.

ಗಣಪಿ ಚಾ ತಂದು ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

"ಆ ಚಾಪೆ ಹುಲ್ಲಿಗೆ ನೀರು ಬ್ಯಾಡ್ವಾ?"

"ಬೇಕು. ದಿನಾ ಬೇಕು. ನಿಲ್ಸೂಕಾಗ್ದು, ಅಷ್ಟೇ."

"ಇದನ್ನ ಮೊದ್ಲೇ ಹೇಳೂದಲ್ದಾ ಮಾಸ್ತರ್ರೆ?"

ಮಾಸ್ತರರು ಒಂದು ಗುಟುಕು ಕುಡಿದರು. "ನಿಂಗೆ ಗೊತ್ತಿತ್ತು ಅಂತ ತಿಳ್ದಿದ್ದೆ."

"ನಾನೂ," ಎಂದಳು ಗಣಪಿ.

ಅವರು ಚಾ ಕುಡಿದು ಎದ್ದರು. ಅವಳು ಲೋಟ ಒಳಗೆ ಒಯ್ದು ತೊಳೆದು ಬೋರಲು ಹಾಕಿದಳು. ಹೊತ್ತು ಇನ್ನೂ ಹತ್ತೂವರೆ.