ಒರೆಸಿದ್ದಕ್ಕೆ ಎರಡು ವರ್ಷ

"ಇವತ್ತು ನೀನು ನೆಂಟಳೋ ಕೆಲಸದೋಳೋ, ಅದನ್ನ ಮೊದ್ಲು ತೀರ್ಮಾನ ಮಾಡೇ ಮುಂಡೇದೆ," ಎಂದ ಮೇಸ್ತ್ರಿ. "ನೆಂಟಳಾದ್ರೆ ಮುಂದಿನ ಬಾಗ್ಲಲ್ಲಿ ಹೋಗಿ ಬೆಂಚಿನ ಮೇಲೆ ಕೂತ್ಕೋ, ನಾಳೆಯಿಂದ ಮನೇಲೇ ಕೂತ್ಕೋ. ಕೆಲಸದೋಳಾದ್ರೆ ಬಕೆಟ್ ತಗೊಂಡು ಹಿಂದಿನ ಬಾಗ್ಲಲ್ಲಿ ಬಾ. ಎರಡೂ ಆಗ್ತೀನಿ ಅಂದ್ರೆ ನನ್ ಹತ್ರ ನಡೆಯಲ್ಲ."

ನಾನು ಬಕೆಟ್ ತೆಗೆದುಕೊಂಡೆ. ಈ ನ್ಯಾಯಾಲಯದ ನೆಲವನ್ನು ಹದಿನಾರು ವರ್ಷ ಒರೆಸಿದ ಸೊಂಟ ನನ್ನದು, ಅದಕ್ಕೆ ಬೆಂಚಿನ ಮೇಲೆ ಕೂರುವ ಅಭ್ಯಾಸವೇ ಇಲ್ಲ. ಇನ್ನೊಂದು ಗಂಟೆಯಲ್ಲಿ ಎರಡನೇ ಮಹಡಿಯಲ್ಲಿ ನನ್ನ ತಂಗಿಗೆ ಎಷ್ಟು ವರ್ಷ ಎಂದು ಹೇಳುವವರಿದ್ದರು. ತಪ್ಪಿತಸ್ಥಳು ಎಂದು ಹೋದ ವಾರವೇ ಹೇಳಿ ಮುಗಿಸಿದ್ದರು. ಐದೋ ಹದಿನೆಂಟೋ ಎನ್ನುವುದಷ್ಟೇ ಬಾಕಿ. ಅವಳೂ ನನ್ನ ಜೊತೆ ಇದೇ ಮಹಡಿ ಒರೆಸುತ್ತಿದ್ದವಳು. ಕಟಕಟೆಯ ಹಿತ್ತಾಳೆ ಸರಳುಗಳನ್ನು ಉಜ್ಜಿ ಉಜ್ಜಿ ಹೊಳಪು ತಂದವಳೇ ಅವಳು. ಈಗ ಅದರೊಳಗೆ ನಿಂತು ತನ್ನ ಕೈಕೆಲಸವನ್ನು ತಾನೇ ನೋಡಿಕೊಳ್ಳಬಹುದು, ಎಲ್ಲರಿಗೂ ಆ ಭಾಗ್ಯ ಬರುವುದಿಲ್ಲ.

ಅವಳ ಗಂಡನಿಗೆ ನಾವೆಲ್ಲ ಇಟ್ಟ ಹೆಸರು ದಳವಾಯಿ. ಕಾವಲು ಕಂಪನಿಯೊಂದರಲ್ಲಿ ಗೇಟು ಕಾಯುವ ಕೆಲಸ. ಹಗಲೆಲ್ಲ ಬರುವ ಹೋಗುವ ಕಾರುಗಳಿಗೆ ಸಲಾಮು ಹೊಡೆಯುವುದು, ಸಂಜೆ ಮನೆಗೆ ಬಂದು ಆ ಸಲಾಮುಗಳನ್ನೆಲ್ಲ ಹೆಂಡತಿಯಿಂದ ವಸೂಲು ಮಾಡುವುದು. ಕೆಲಸ ಮುಗಿದ ಮೇಲೆ ಪಿಸ್ತೂಲನ್ನು ಕಂಪನಿಯ ಕಪಾಟಿನಲ್ಲಿ ಇಟ್ಟು ಬರಬೇಕು ಎಂಬುದು ನಿಯಮ. ದಳವಾಯಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುತ್ತಿದ್ದ. ಊಟಕ್ಕೆ ಕೂತಾಗ ಅದಕ್ಕೂ ತಟ್ಟೆಯ ಪಕ್ಕದಲ್ಲೇ ಜಾಗ. ಉಪ್ಪು ಕಡಿಮೆಯಾದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಪಿಸ್ತೂಲಿನ ಮೂತಿಯನ್ನು ಅವಳ ಕಡೆ ತಿರುಗಿಸಿ ಇಡುತ್ತಿದ್ದ.

ತಂಗಿ ಠಾಣೆಗೆ ಹೋದಳು.

"ಪಿಸ್ತೂಲು ಕಂಪನೀದು ಕಣಮ್ಮ. ಕಂಪನೀಲಿ ಹೇಳು," ಎಂದ ಠಾಣೆಯ ಬರಹಗಾರ.

ಕಂಪನಿಗೆ ಹೋದಳು. "ಹೆದರಿಸಿದ್ದು ಮನೇಲಿ ತಾನೆ? ಮನೆ ವಿಷಯ ಅದು. ಠಾಣೇಲಿ ಹೇಳು," ಎಂದ ಅಲ್ಲಿಯ ಅಧಿಕಾರಿ.

ಮತ್ತೊಮ್ಮೆ ಠಾಣೆಗೆ ಹೋಗುವಾಗ ಅವಳ ಮಣಿಕಟ್ಟು ಮುರಿದಿತ್ತು. ನಾನೂ ಜೊತೆಗಿದ್ದೆ. ಬರಹಗಾರ ದೂರನ್ನೇನೋ ಬರೆದುಕೊಂಡ, ಪಾಪ, ಅಕ್ಷರ ಮುದ್ದಾಗಿತ್ತು. ಆಮೇಲೆ ಕಾಗದವನ್ನು ತಂಗಿಯ ಮುಂದೆ ತಳ್ಳಿದ.

"ಸಹಿ ಹಾಕು. ಯಾವ ಕೈಯಲ್ಲಿ ಹಾಕ್ತೀಯಾ?"

"ಇದೇ ಕೈಯಲ್ಲಿ ಸ್ವಾಮಿ."

"ಅದೇ ಕೈ ಮುರಿದಿದೆಯಾ? ಹಂಗಾದ್ರೆ ವಾಸಿ ಆದ್ಮೇಲೆ ಬಾ."

ವಾಸಿಯಾಯಿತು, ಸೊಟ್ಟಗೆ. ಅಷ್ಟರಲ್ಲಿ ಆ ಕಾಗದ ಎಲ್ಲಿ ಹೋಯಿತೆಂದು ಬರಹಗಾರನಿಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ದಳವಾಯಿ ಪಿಸ್ತೂಲನ್ನು ಅವಳ ಹಣೆಗೆ ಒತ್ತಿ ಹಿಡಿದಿದ್ದಾಗ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮಾತಾಡುತ್ತಿದ್ದವನು ಕಂಪನಿಯ ಸಾಹೇಬ. ದಳವಾಯಿ ಪಿಸ್ತೂಲನ್ನು ಮೇಜಿನ ಮೇಲಿಟ್ಟು, "ಇರು, ಇದನ್ನ ಮುಗಿಸಿ ಬಂದು ನಿನ್ನ ಮುಗಿಸ್ತೀನಿ," ಎಂದು ಹೇಳಿ ಬಾಗಿಲ ಹತ್ತಿರ ಹೋಗಿ ನೆಟ್ಟಗೆ ನಿಂತು ಮಾತಾಡಿದ. ಸಾಹೇಬರ ಜೊತೆ ಫೋನಿನಲ್ಲೂ ಅಟೆನ್ಷನ್ನಿನಲ್ಲೇ ನಿಲ್ಲುವ ಗಂಡಸು ಅವನು. ತಿರುಗಿ ಬಂದಾಗ ಪಿಸ್ತೂಲು ಅವಳ ಕೈಯಲ್ಲಿತ್ತು. ಅವನು ನಕ್ಕ. "ಆ ಸೊಟ್ಟ ಕೈಯಲ್ಲಿ ಆಗುತ್ತೇನೇ ನಿಂಗೆ?" ಎಂದ.

ಆಯಿತು. ಗುಂಡು ತೊಡೆಗೆ ಬಿತ್ತು.

ಆಮೇಲೆ ಅವಳು ಮಾಡಿದ್ದೇ ಅವಳಿಗೆ ಮುಳುವಾಯಿತು, ಅದನ್ನು ಕಲಿಸಿದವಳು ನಾನು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಟ್ಟಿದ್ದೆ. ನೆಲದ ಮೇಲೆ ಏನೇ ಬೀಳಲಿ, ಮೇಸ್ತ್ರಿಯ ಕಣ್ಣಿಗೆ ಬೀಳುವುದರೊಳಗೆ ಒರೆಸಿರಬೇಕು. ಯಾಕೆ ಬಿತ್ತು, ಯಾರಿಂದ ಬಿತ್ತು ಎಂದು ಕೇಳುತ್ತ ನಿಂತರೆ ಕೆಲಸ ಹೋಯಿತು. ರಕ್ತವಾದರೆ ತಣ್ಣೀರು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ನ್ಯಾಯಾಲಯದ ಮೊಗಸಾಲೆಯಲ್ಲಿ ರಕ್ತಕ್ಕೇನು ಬರ, ತಿಂಗಳಿಗೆ ಎರಡು ಸಲವಾದರೂ ದಾಯಾದಿಗಳು ಮೂಗು ಒಡೆದುಕೊಳ್ಳುತ್ತಾರೆ. ತಂಗಿ ಗಂಡನ ತೊಡೆಗೆ ಟವೆಲ್ಲು ಬಿಗಿದಳು, ಪಕ್ಕದ ಮನೆಯವರನ್ನು ಕೂಗಿ ಆಂಬುಲೆನ್ಸಿಗೆ ಹೇಳಿಸಿದಳು. ಆಮೇಲೆ ತಣ್ಣೀರು ತಂದು ಮೊಣಕಾಲೂರಿ ಒರೆಸಿದಳು. ಪಿಸ್ತೂಲನ್ನೂ ಒರೆಸಿ ತಟ್ಟೆಯ ಪಕ್ಕ ಅದರ ಜಾಗದಲ್ಲೇ ಇಟ್ಟಳು. ಪೊಲೀಸರು ಬಂದಾಗ ನೆಲ ಫಳಫಳ ಹೊಳೆಯುತ್ತಿತ್ತಂತೆ. ಅವರಿಗೆ ಅವಳು ಹೇಳಿದ ಮೊದಲ ಮಾತು, "ಒದ್ದೆ ಇದೆ ಸ್ವಾಮಿ, ಜಾರೀರಿ."

ಅದನ್ನೂ ಆರೋಪಪಟ್ಟಿಯಲ್ಲಿ ಬರೆದರು. ಸಾಕ್ಷ್ಯನಾಶ ಎಂಬ ದೊಡ್ಡ ಹೆಸರು ಕೊಟ್ಟು.

ಇನ್ನು ಹದಿನೆಂಟರ ಕಥೆ. ಒಬ್ಬ ಗಿರಣಿ ಮಾಲೀಕ ತನ್ನ ಹೆಂಡತಿಯನ್ನು ಬೇಟೆಯ ಕೋವಿಯಿಂದ ಕೊಂದ. ಕೋವಿ ಒರೆಸುವಾಗ ಕೈ ಜಾರಿತು ಎಂದ. ಅವನೂ ಒರೆಸಿದವನೇ ನೋಡಿ. ಒಂದೂವರೆ ವರ್ಷದಲ್ಲಿ ಹೊರಗೆ ಬಂದ, ಅದರಲ್ಲೂ ಮುಕ್ಕಾಲು ಭಾಗ ಎದೆನೋವಿನ ಹೆಸರಲ್ಲಿ ಆಸ್ಪತ್ರೆಯಲ್ಲಿ ಕಳೆದ. ಊರಿನ ದೊಡ್ಡ ಮನೆಗಳ ಹೆಂಗಸರು ರೊಚ್ಚಿಗೆದ್ದು ಈ ಕಟ್ಟಡದ ಮೆಟ್ಟಿಲ ಮೇಲೆ ಮೇಣದಬತ್ತಿ ಹಚ್ಚಿದರು. ಹೆಂಗಸರನ್ನು ಕಾಪಾಡಲು ಹೊಸ ಕಾನೂನು ಬಂತು. ಮನೆಯೊಳಗೆ ಮನೆಯವರ ಮೇಲೆ ಗುಂಡು ಹಾರಿಸಿದರೆ, ಸತ್ತರೂ ಸಾಯದಿದ್ದರೂ, ಹದಿನೆಂಟು ವರ್ಷಕ್ಕೆ ಕಡಿಮೆಯಿಲ್ಲ. ಒಳ್ಳೆಯದೇ ಆಯಿತು ಎಂದು ನಾವೂ ಖುಷಿಪಟ್ಟೆವು. ಮಾರನೆಯ ದಿನ ಮೆಟ್ಟಿಲ ಮೇಲಿನ ಮೇಣ ಕೆರೆದು ತೆಗೆದವರು ನಾನು ಮತ್ತು ನನ್ನ ತಂಗಿ. ಈ ಊರಿನಲ್ಲಿ ಆ ಕಾನೂನಿನ ಕೈಗೆ ಸಿಕ್ಕ ಮೊದಲನೆಯವಳೂ ಅವಳೇ.

ಬಡವರಿಗೆಂದು ಸರ್ಕಾರ ಕೊಡುವ ಪುಕ್ಕಟೆ ವಕೀಲ ಒಂದು ಕಿಂಡಿ ಹುಡುಕಿದ್ದ. ವಿಶೇಷ ಕಾರಣ ಕಂಡರೆ ನ್ಯಾಯಾಧೀಶರು ಐದಕ್ಕೆ ಇಳಿಸಬಹುದಂತೆ.

"ಆದ್ರೆ ಆ ಒರೆಸಿದ್ದು ಅಡ್ಡ ಬರ್ತಿದೆಯಮ್ಮ," ಎಂದಿದ್ದ. "ಹೆದರಿ ಹೊಡೆದೋಳು ಕೂತು ನೆಲ ಒರೆಸ್ತಾಳಾ ಅಂತಾರೆ."

"ನನ್ನ ಕರೀರಿ ಸ್ವಾಮಿ. ಯಾಕೆ ಒರೆಸಿದ್ಲು ಅಂತ ನಾನು ಹೇಳ್ತೀನಿ."

"ನಿನ್ನ ಏನಂತ ಕರೀಲಿ? ಒರೆಸೋದ್ರಲ್ಲಿ ತಜ್ಞೆ ಅಂತಲಾ?" ಎಂದು ನಕ್ಕ. ಕೆಟ್ಟವನಲ್ಲ, ತಮಾಷೆಯ ಮನುಷ್ಯ.

ಹಾಗಾಗಿ ತಜ್ಞೆ ಬಕೆಟ್ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಳು. ನನ್ನ ಬೆನ್ನಿಗೆ ನಮ್ಮ ನಾಲ್ವರು ಹೆಂಗಸರು, ಅವರ ಹಿಂದೆ ಮೇಸ್ತ್ರಿ.

ದಳವಾಯಿಯನ್ನು ಕರೆದರು. ಕುಂಟುತ್ತ ಬಂದ. ಕುಂಟುಕಾಲಿನವನಿಗೆ ಕೂತು ಮಾಡುವ ಕೆಲಸ ಬೇಕು ಎಂದು ಕಂಪನಿ ಮರುಗಿ, ಅವನನ್ನು ಇದೇ ಕಟ್ಟಡದ ಗೇಟಿಗೆ ಹಾಕಿತ್ತು. ಹೊಸ ಪಿಸ್ತೂಲಿನ ಸಮೇತ. ಅದನ್ನು ಬಾಗಿಲ ಪೊಲೀಸಿನವನ ಕೈಗೆ ಕೊಟ್ಟು ಒಳಗೆ ಬಂದಿದ್ದ.

"ಈಕೆಯ ಮಣಿಕಟ್ಟು ಮುರಿದಿದ್ದು ನೀನಾ?" ಎಂದು ನ್ಯಾಯಾಧೀಶರು ಕೇಳಿದರು.

"ನಾನು ಸುಮ್ನೆ ಹಿಡ್ಕೊಂಡಿದ್ದೆ ಸ್ವಾಮಿ. ಎಳ್ಕೊಂಡಿದ್ದು ಅವಳೇ."

"ಇನ್ನೇನಾದರೂ ಹೇಳೋದಿದೆಯಾ?"

ದಳವಾಯಿ ಸ್ವಲ್ಪ ಯೋಚಿಸಿದ. "ಮನೇಲಿ ಅಡುಗೆಗೆ ಭಾಳ ತೊಂದ್ರೆ ಆಗಿದೆ."

ಅದನ್ನೂ ಗುಮಾಸ್ತ ಬರೆದುಕೊಂಡ. ಕೂತಿದ್ದವರಲ್ಲಿ ಒಂದಿಬ್ಬರು ಅಯ್ಯೋ ಪಾಪ ಎಂದರು.

ಪುಕ್ಕಟೆ ವಕೀಲ ಮುರಿದ ಕೈಯ ಎಕ್ಸ್-ರೇ ತೋರಿಸಿದ, ಠಾಣೆಗೆ ಅಲೆದದ್ದನ್ನು ಹೇಳಿದ. ಆಮೇಲೆ ಸರ್ಕಾರಿ ವಕೀಲರು ಎದ್ದರು. ದಿನವೂ ಮೇಜಿನ ಮೇಲೆ ಚಹಾ ಚೆಲ್ಲಿ ನಮ್ಮನ್ನು ಕೂಗುವ ಪುಣ್ಯಾತ್ಮರು ಇವರೇ. "ಗಂಡನ ಬಿಸಿ ರಕ್ತದ ಮುಂದೆ ಮೊಣಕಾಲೂರಿ, ಆತುರವಿಲ್ಲದೆ, ಮೂಲೆ ಮೂಲೆಯನ್ನೂ ಒರೆಸಿದ ಹೆಣ್ಣು ಇದು, ಮಹಾಸ್ವಾಮಿ," ಎಂದರು. "ನಡುಕವಿಲ್ಲ, ಪಶ್ಚಾತ್ತಾಪವಿಲ್ಲ. ಹೆದರಿದ ಹೆಣ್ಣಿನ ಲಕ್ಷಣವೇ ಇದು? ಇದಕ್ಕಿಂತ ತಣ್ಣನೆಯ ಮನಸ್ಸನ್ನು ನಾನು ಕಂಡಿಲ್ಲ."

ಅಷ್ಟು ಹೇಳಿ ಕೂತರು. ನ್ಯಾಯಾಧೀಶರು ಕಾಗದ ಕೈಗೆತ್ತಿಕೊಳ್ಳುತ್ತಿದ್ದರು. ನಾನು ಬಕೆಟ್ ಎತ್ತಿಕೊಂಡು ನಡುವೆ ಬಂದು ನಿಂತೆ.

"ಅದು ನಾನು ಕಲಿಸಿದ್ದು ಸ್ವಾಮಿ. ನಮಗೆ ಬಿದ್ದಿದ್ದನ್ನ ಒರೆಸೋದು ಬಿಟ್ಟು ಬೇರೆ ಗೊತ್ತಿಲ್ಲ."

"ಯಾರಿದು? ಹೊರಗೆ ಕಳಿಸಿ," ಎಂದರು ನ್ಯಾಯಾಧೀಶರು, ತಲೆ ಎತ್ತದೆ.

"ಏ ದರಿದ್ರದೋಳೆ, ಬಾರೇ ಈಚೆ," ಎಂದು ಮೇಸ್ತ್ರಿ ಹಲ್ಲು ಕಚ್ಚಿದ. ಒಬ್ಬ ಪೊಲೀಸಿನವನು ನನ್ನ ಕಡೆ ಹೊರಟ. ಅವನು ಬರುವಷ್ಟರಲ್ಲಿ ನಾನು ಬಕೆಟ್ಟನ್ನು ಬುಡಮೇಲು ಮಾಡಿದೆ. ಬೆಳಗ್ಗೆಯಿಂದ ಮೂರು ಮಹಡಿ ತೊಳೆದ ಕೊಳೆನೀರು ಕಟಕಟೆಯಿಂದ ವಕೀಲರ ಕುರ್ಚಿಗಳವರೆಗೆ ಹರಡಿತು.

ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ನನ್ನ ತಂಗಿ ಮಾತ್ರ ನೋಡುತ್ತ ನಿಲ್ಲಲಿಲ್ಲ. ಕಟಕಟೆಯ ಗೇಟು ತಳ್ಳಿಕೊಂಡು ಬಂದವಳೇ ಮೊಣಕಾಲೂರಿದಳು, ಹೆಗಲ ಮೇಲಿನ ಶಾಲು ತೆಗೆದು ಒರೆಸತೊಡಗಿದಳು. ಆತುರವಿಲ್ಲ, ನಡುಕವಿಲ್ಲ. ಅಂಚಿನಿಂದ ನಡುವಿಗೆ, ನಾನು ಹೇಳಿಕೊಟ್ಟ ಹಾಗೆಯೇ. ಸರ್ಕಾರಿ ವಕೀಲರ ಬೂಟಿನ ಹತ್ತಿರ ಬಂದಾಗ, "ಕಾಲು ಸ್ವಲ್ಪ ಎತ್ತಿ ಸ್ವಾಮಿ," ಎಂದಳು. ಅವರು ಎತ್ತಿದರು.

"ಈಗ ಯಾವ ಸಾಕ್ಷಿ ಅಳಿಸ್ತಿದ್ದಾಳೆ ಕೇಳಿ ಸ್ವಾಮಿ," ಎಂದೆ ನಾನು.

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವರಿಗೆ ಅರ್ಥವಾಯಿತು, ಅದು ನನಗೆ ಕಂಡಿತು, ಅದಕ್ಕೇ ಇವತ್ತಿಗೂ ಸಿಟ್ಟು. ಆಮೇಲೆ ಕನ್ನಡಕ ಹಾಕಿಕೊಂಡು, ಮೊದಲೇ ಬೆರಳಚ್ಚಾಗಿ ಬಂದಿದ್ದ ಕಾಗದವನ್ನು ಓದಿದರು. ಗುಂಡು ಹಾರಿಸಿದ್ದಕ್ಕೆ ಹದಿನೆಂಟು. ಸಾಕ್ಷ್ಯ ಒರೆಸಿದ್ದಕ್ಕೆ ಮೇಲೆ ಎರಡು. ನನಗೆ ನ್ಯಾಯಾಲಯದ ಘನತೆಗೆ ಧಕ್ಕೆ ತಂದಿದ್ದಕ್ಕೆ ಏಳು ದಿನ, ಅದು ಅಲ್ಲೇ ಬಾಯಲ್ಲೇ ಹೇಳಿದ್ದು. ಬೆರಳಚ್ಚು ಇಲ್ಲದೆಯೂ ಅವರಿಗೆ ತೀರ್ಪು ಕೊಡಲು ಬರುತ್ತಿತ್ತು.

ಇಪ್ಪತ್ತು ವರ್ಷ ಎಂದು ಕೇಳಿಸಿಕೊಂಡೂ ತಂಗಿ ಒರೆಸುತ್ತಲೇ ಇದ್ದಳು. ಕರೆದೊಯ್ಯಲು ಬಂದ ಮಹಿಳಾ ಪೊಲೀಸು ಇವಳು ಮುಗಿಸಲಿ ಎಂದು ಕಾದು ನಿಂತಳು.

ನಾನು ಅವಳ ಪಕ್ಕ ಕುಕ್ಕರಿಸಿ ಆ ಸೊಟ್ಟ ಮಣಿಕಟ್ಟು ಹಿಡಿದುಕೊಂಡೆ. "ಬಿಡೇ. ಸಾಕು."

"ಇಷ್ಟೇ ಇದೆ ಅಕ್ಕ."

"ಇರ್ಲಿ. ಬಿಡು."

ಶಾಲನ್ನು ಅಲ್ಲೇ ಬಿಟ್ಟು ಎದ್ದಳು. ಕೈ ಈಗ ನಡುಗತೊಡಗಿತು.

"ಬನ್ರೇ, ಯಾರಾದ್ರೂ ಬಂದು ಒರೆಸ್ರೇ," ಎಂದು ಮೇಸ್ತ್ರಿ ಬಾಗಿಲಲ್ಲಿದ್ದ ಹೆಂಗಸರಿಗೆ ಹೇಳಿದ. ನಾಲ್ವರೂ ಕೈ ಹಿಂದೆ ಕಟ್ಟಿಕೊಂಡರು. ಬೋಳಿಮಕ್ಕಳು ಅವರೇ ಒರೆಸಿಕೊಳ್ಳಲಿ ಎಂದು ಒಬ್ಬಳು ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ನೀರು ನಿಧಾನವಾಗಿ ಗುಮಾಸ್ತ ನೆಲದ ಮೇಲೆ ಪೇರಿಸಿಟ್ಟಿದ್ದ ಕಡತಗಳ ಕೆಳಗೆ ನುಗ್ಗಿತು. ಸರ್ಕಾರಿ ವಕೀಲರು ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ಹಾಗೇ ಎತ್ತಿಕೊಂಡು ಕೂತಿದ್ದರು.