ಮುಚ್ಚಿಟ್ಟ ಬುಟ್ಟಿ

ಹಿತ್ತಲಲ್ಲಿ ಕವುಚಿಟ್ಟಿದ್ದ ಬುಟ್ಟಿ ಎತ್ತಿದ ಮಗಳು ತಟ್ಟನೆ ಮತ್ತೆ ಮುಚ್ಚಿದಳು. ಮತ್ತೆ ಎತ್ತಿದಳು. ಒಳಗೆ ಕಂದು ಹೇಂಟೆ ಬಾಯಿ ತೆರೆದು ಮಗ್ಗುಲಾಗಿ ಬಿದ್ದಿತ್ತು. ನಾಯಿ ಕಚ್ಚಿದ ಕಾಲು ಹಿಂದಕ್ಕೆ ತಿರುಚಿಕೊಂಡಿತ್ತು. ನೀರಿನ ಬಟ್ಟಲು ಒಣಗಿತ್ತು.

"ಅಮ್ಮಾ, ಇದಿನ್ನೂ ಬದುಕಿದೆ!"

ನಡುಮನೆಯಲ್ಲಿ ಅಪ್ಪನ ಹೆಣದ ಪಕ್ಕ ಕೂತಿದ್ದ ಅಮ್ಮ ಹಿತ್ತಲ ಬಾಗಿಲಿಗೆ ಬಂದು ಹಣೆ ಚಚ್ಚಿಕೊಂಡಳು.

"ಅಯ್ಯೋ, ಮರೆತೇ ಹೋಯ್ತಲ್ಲೇ! ಮೊನ್ನೆ ಸಂಜೆ ನಿಮ್ಮಪ್ಪನೇ ಮುಚ್ಚಿಟ್ಟಿದ್ರು. ಬೆಳಿಗ್ಗೆ ಎದ್ದು ಕೊಯ್ತೀನಿ ಅಂದಿದ್ರು."

ಬೆಳಿಗ್ಗೆ ಅವನು ಏಳಲಿಲ್ಲ. ಕೊಯ್ಯುವ ಹಿಂದಿನ ಸಂಜೆ ಕಾಳು ಹಾಕದೆ, ಬರೀ ನೀರಿಟ್ಟು ಬುಟ್ಟಿ ಮುಚ್ಚುವುದು ಅವನ ಕ್ರಮ. ಕೋಳಿ ಹೆದರುತ್ತದೆ, ಬೇರೆ ಯಾರೂ ಬುಟ್ಟಿ ಎತ್ತಕೂಡದು ಎನ್ನುವುದೂ ಅವನದೇ ಮಾತು. ಆ ಮಾತನ್ನು ಮನೆಯವರು ಎರಡು ದಿನ ಪಾಲಿಸಿದ್ದರು.

ಚಿಕ್ಕಪ್ಪ ಧಾವಿಸಿ ಬಂದ. "ಅಲ್ಲಿ ವ್ಯಾನ್ ನಿಂತಿದೆ, ಇಲ್ಲೇನು ಮಾಡ್ತಿದ್ದೀರಾ? ಕೊಡಿಲ್ಲಿ, ಕತ್ತು ತಿರುಚಿ ಬಿಸಾಕ್ತೀನಿ."

"ನೀನು ಮುಟ್ಟಬೇಡ ಮಾರಾಯ," ಎಂದಳು ಅಮ್ಮ. " ಹೋದ್ಸಲ ನೀನು ಕತ್ತು ತಿರುಚಿದ ಹುಂಜ ಬೇಲಿ ಹಾರಿ ಓಡಿಹೋಯ್ತು."

"ಬಂದು ನನ್ನ ಮಿಷಿನ್ ಮೇಲೇ ಕೂತಿತ್ತು," ಎಂದ ಬೇಲಿಯಾಚೆಯ ದರ್ಜಿ. ನಗು ಬಂದು, ಹೆಣದ ಮನೆಯೆಂದು ನೆನಪಾಗಿ, ಕೆಮ್ಮಿದ. "ನೋವಾಗದ ಹಾಗೆ ಕೊಯ್ತಿದ್ದವರು ಈ ಬೀದೀಲಿ ಅವರೊಬ್ರೇ."

"ಸರಿ, ಹೋಗಿ ಬಂದು ನೋಡೋಣ," ಎಂದ ಚಿಕ್ಕಪ್ಪ.

"ಬರೋದು ಸಂಜೆ. ಅಲ್ಲಿವರೆಗೂ ಇದು ಹೀಗೇ ಬಿದ್ದಿರ್ಬೇಕಾ?" ಮಗಳು ಗೋಡೆಯತನಕ ಹೋದಳು, ಬಂದಳು, ಮತ್ತೆ ಹೋದಳು.

*

ಆಗ ಅವಳಿಗೆ ಹದಿನಾಲ್ಕು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಅಪ್ಪ ಚಾಕು ಮಸೆದು ಹಳೆಯ ಕಾಗದದ ಅಂಚಿಗೆ ತಾಗಿಸಿದ. ಹಾಳೆ ಸದ್ದಿಲ್ಲದೆ ಎರಡಾಯಿತು. ಹಿತ್ತಲ ಗೋಡೆಗೆ ಹೊಡೆದ ತಗಡಿನ ಆಲಿಕೆಯೊಳಗೆ ಕೋಳಿಯನ್ನು ತಲೆಕೆಳಗಾಗಿ ಇಳಿಸಿದ; ಕೆಳಗಿನ ತೂತಿನಿಂದ ತಲೆ ಮಾತ್ರ ಹೊರಬಂತು. ಅದರಲ್ಲಿ ರೆಕ್ಕೆ ಬಡಿಯಲು ಜಾಗವಿಲ್ಲ.

"ಅದರ ಕಣ್ಣು ಮುಚ್ಚಿ ತಲೆ ಹಿಡ್ಕೋ ಪುಟ್ಟೀ. ಅದು ಸುಮ್ನಾಗ್ಲಿ. ನಮಗೇನು ಬಸ್ ತಪ್ಪುತ್ತಾ?"

ಚಾಕು ತಾಗುವಾಗ ಅವಳು ಕೈ ಬಿಟ್ಟಳು. ತಲೆ ಹೊರಳಿ, ಕತ್ತು ಅರ್ಧವಷ್ಟೇ ತುಂಡಾಯಿತು. ಅಪ್ಪ ಎರಡನೆಯ ಸಲ ಕೊಯ್ಯಬೇಕಾಯಿತು.

ಅವನು ಬೈಯಲಿಲ್ಲ. ಮುಂದೆ ಇಪ್ಪತ್ತು ವರ್ಷ ಅವಳನ್ನು ಆ ಕೆಲಸಕ್ಕೆ ಕರೆಯಲೂ ಇಲ್ಲ. ಬೈದಿದ್ದರೆ ಅವಳು ಎಂದೋ ಮರೆತುಬಿಡುತ್ತಿದ್ದಳು.

*

"ನಿನ್ನ ಕೈಲಾಗುತ್ತೇನೇ?" ಅಮ್ಮ ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ."

ಮಗಳು ಅಪ್ಪನ ಚಾಕು ಮಸೆದು ಬಲಗೈಯಲ್ಲಿ ಹಿಡಿದಳು. ಹೇಂಟೆ ಆಲಿಕೆಯೊಳಗೆ ಇಳಿಯಿತು. ಎಡ ಅಂಗೈಯಿಂದ ಅದರ ಕಣ್ಣು ಮುಚ್ಚಿದಳು. ಬೆರಳಿನಡಿ ಅದರ ನಾಡಿಯೋ ತನ್ನದೋ, ಓಡುತ್ತಲೇ ಇತ್ತು.

"ಹೆಗಲು ಕೊಡೋರು ಬನ್ನಿ!" ಮುಂಬಾಗಿಲಿನಿಂದ ಕೂಗು ಬಂತು.

"ಬೇಗ, ಬೇಗ," ಎಂದ ಚಿಕ್ಕಪ್ಪ.

"ಇರು ಚಿಕ್ಕಪ್ಪ. ಇದು ಸುಮ್ನಾಗ್ಲಿ."

ಅವಳು ಕಾದಳು. ಅಮ್ಮನೂ ಕಾದಳು. ಚಿಕ್ಕಪ್ಪನೂ ಕಾದ.

ಒಂದೇ ಸಲ ಕೊಯ್ದಳು. ಆಲಿಕೆಯ ಮೇಲೆ ಚಾಚಿದ್ದ ಕಾಲು ಎರಡು ಬಾರಿ ಒದ್ದು ಸಡಿಲವಾಯಿತು. ಅಂಗೈ ಕಣ್ಣಿನ ಮೇಲೇ ಇತ್ತು.

ಎರಡು ಹೆಜ್ಜೆ ಆಚೆ ಉಳಿದ ಕೋಳಿಗಳು ತಲೆ ಎತ್ತದೆ ಮಣ್ಣು ಕೆದಕುತ್ತಿದ್ದವು.