ಕಡಲ ಹೊಯ್ಗೆಯ ತಾರಸಿ

ಕಾಪುವಿನ ಆಯಿಶಮ್ಮನ ಮನೆಯಲ್ಲಿ ಮೊಮ್ಮಗಳು ಸಮೀಹಾಳ ಮದುವೆಯ ಮದರಂಗಿ. ಚಾವಡಿಯ ತುಂಬ ಹೆಂಗಸರು, ಮಕ್ಕಳು. ಮದರಂಗಿಗೆಂದು ಕರೆದದ್ದಕ್ಕೆ ಬಂದ ಸುಂದರ ಮೇಸ್ತ್ರಿ ಬಾಗಿಲಲ್ಲೇ ನಿಂತು ಮೇಲೆ ನೋಡಿದ. ತಾರಸಿಯ ಅಡಿಯಲ್ಲಿ ತುಕ್ಕಿನ ಗೆರೆ ಎದ್ದು, ಸಿಮೆಂಟು ಹೊಟ್ಟೆ ಬಿಟ್ಟಿತ್ತು.

ಮೂವತ್ತು ವರ್ಷದ ಹಿಂದೆ ಆ ತಾರಸಿ ಹಾಕಿದವನು ಅವನೇ. ಹೊಳೆ ಮರಳಿನ ಲಾರಿ ಬಾರದ ದಿನ, ಯಾರಿಗೂ ಹೇಳದೆ ಕಡಲ ಹೊಯ್ಗೆಯನ್ನು ಒಂದೇ ಸಲ ತೊಳೆದು ಕಲಸಿದ್ದ. ಒಳಗುಳಿದ ಉಪ್ಪು ಪ್ರತಿ ಮಳೆಗಾಲದ ಪಸೆ ಕುಡಿದು ಕಬ್ಬಿಣವನ್ನು ತಿಂದಿತ್ತು.

ಮೂಲೆಯಲ್ಲಿದ್ದ ಜೇಡರ ಬಲೆ ತೆಗೆಯುವ ಕೋಲಿನಿಂದ ತಾರಸಿಗೆ ಮೆಲ್ಲಗೆ ಕುಟ್ಟಿದ. ಖಾಲಿ ಡಬ್ಬಿಯ ಸದ್ದು ಬಂತು.

"ಎಂತ ಮೇಸ್ತ್ರಿ, ಮದರಂಗಿ ದಿನ ಬಲೆ ತೆಗೆಯುದಾ?" ಆಯಿಶಮ್ಮ ನಕ್ಕರು.

ಬಾಯಿ ಬಿಟ್ಟರೆ ಇಷ್ಟು ವರ್ಷದ ಹೆಸರು ಹೋಗುತ್ತದೆ. ಸಮೀಹಾಳ ತಲೆಯ ಮೇಲೇ ಪುಡಿ ಉದುರಿತು.

"ಎಲ್ಲರನ್ನೂ ಅಂಗಳಕ್ಕೆ ಕಳಿಸಿ ಆಯಿಶಮ್ಮ! ನಾನು ಆಗ ಕಡಲ ಹೊಯ್ಗೆ ಹಾಕಿದ್ದೆ. ಇದು ಬೀಳ್ತದೆ!"

ಆಯಿಶಮ್ಮನ ನಗು ನಿಂತಿತು. ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದರು. ಕೊನೆಯ ಮಗು ಹೊಸಿಲು ದಾಟುವವರೆಗೂ ಸುಂದರ ತಾರಸಿಯಿಂದ ಕಣ್ಣು ತೆಗೆಯಲಿಲ್ಲ.

"ನೀವೂ ಬನ್ನಿ ಮಾರಾಯ್ರೇ," ಅಂಗಳದಿಂದ ಆಯಿಶಮ್ಮ ಕೂಗಿದರು, "ನನಗೆ ಬೈಲಿಕ್ಕಾದ್ರೂ ನೀವು ಬದುಕಿರಬೇಕಲ್ವಾ!"